ಫೆಟೀಗ್ ಟೆಸ್ಟಲ್ಲಿ (ಲೋಹಕ್ಕೆ ಮತ್ತೆ ಮತ್ತೆ ಹೊರೆ ಹಾಕಿ ನೋಡೋ ಪರೀಕ್ಷೆ) ಬಿರುಕು ಗ್ರೇನ್ ಬೌಂಡರಿಯಲ್ಲಿ, ಅಂದ್ರೆ ಲೋಹದ ಎರಡು ಸ್ಫಟಿಕ ಕಣಗಳ ಗಡಿಯಲ್ಲಿ, ನಿಂತಿದೆ, ಈಗ ಪ್ಯಾರಿಸ್ ನಿಯಮ (ಬಿರುಕು ಬೆಳೆಯೋ ವೇಗದ ಸೂತ್ರ) ಹಾಕಿ ಸ್ಯಾಂಪಲ್ಲಿನ ಆಯಸ್ಸು ಲೆಕ್ಕ ಹಾಕಬಹುದಾ?

"ನಿಂತಿದೆ" ಅಂತ ಬರೆದಿದ್ದೀರಲ್ಲ, ಅದನ್ನ ಓದಿಯೇ ಹೊಟ್ಟೆ ತೊಳೆಸಿದಂಗಾಯ್ತು. ಹಾಸನದಲ್ಲಿ ಎಂ.ಟೆಕ್ ಮಾಡುವಾಗ ಇದೇ ಮಾತನ್ನ ನಾನೂ ನಮ್ಮ ಗೈಡ್ ಮುಂದೆ ಹೇಳಿದ್ದೆ.

ಕಡಿಮೆ ಇಂಗಾಲದ ಉಕ್ಕು, ರೊಟೇಟಿಂಗ್ ಬೆಂಡಿಂಗ್ ಮೆಷಿನ್ (ಸ್ಯಾಂಪಲನ್ನ ಬಗ್ಗಿಸಿಟ್ಟು ತಿರುಗಿಸೋದು), ನಿಮಿಷಕ್ಕೆ 3000 ಸುತ್ತು. ಪ್ರತಿ 5000 ಸುತ್ತಿಗೆ ನಿಲ್ಲಿಸಿ, ಅಸಿಟೋನ್ ಹಚ್ಚಿದ ಅಸಿಟೇಟ್ ಹಾಳೆ ಒತ್ತಿ ರೆಪ್ಲಿಕಾ (ಮೇಲ್ಮೈಯ ಅಚ್ಚು) ತೆಗೀಬೇಕು. ಓಟ ಎರಡು ನಿಮಿಷ, ಚಾಕರಿ ಇಪ್ಪತ್ತು ನಿಮಿಷ. ಸ್ಲಿಪ್ ಬ್ಯಾಂಡಲ್ಲಿ (ಸ್ಫಟಿಕದ ಪದರಗಳು ಒಂದರ ಮೇಲೊಂದು ಜಾರಿದ ಪಟ್ಟಿ) ಹುಟ್ಟಿದ ಬಿರುಕು ಓರೆಯಾಗಿ ಓಡಿ 40 ಮೈಕ್ರಾನಿಗೆ ನಿಂತಿತು. ಮೂರು ರೆಪ್ಲಿಕಾದಲ್ಲೂ ಅಷ್ಟೇ ಉದ್ದ. ಸತ್ತೋಯ್ತು ಅಂದ್ಕೊಂಡೆ.

ಅಲ್ಲೇ ಕೆಟ್ಟಿದ್ದು. ಮುಂದಿನ ನಿಲುಗಡೆಯನ್ನ 1 ಲಕ್ಷಕ್ಕೆ ಇಟ್ಟು ಊಟಕ್ಕೆ ಹೋದೆ. ಮೂವತ್ಮೂರು ನಿಮಿಷ ಬಿಡುವು ಸಿಕ್ತಲ್ಲ ಅಂತ ಖುಷಿ ಬೇರೆ! ಮೆಸ್ಸಲ್ಲಿ ಎರಡನೇ ಸಲ ಸಾರು ಹಾಕಿಸಿಕೊಂಡು ಬಂದು ನೋಡಿದ್ರೆ ಮೆಷಿನ್ ತಾನೇ ಆಫ್ ಆಗಿದೆ, ಕೌಂಟರಲ್ಲಿ 62 ಸಾವಿರ ಏರಿದೆ, ಸ್ಯಾಂಪಲ್ ಎರಡು ತುಂಡು. ಬಿರುಕು ಬೌಂಡರಿ ದಾಟಿದ್ದು ಯಾವಾಗ ಅನ್ನೋದೇ ನನ್ನ ಥೀಸಿಸ್ಸು. ಆ ಹೊತ್ತಲ್ಲಿ ನಾನು ಅನ್ನ ಕಲಸ್ತಿದ್ದೆ. ಪಾಲಿಶ್ ಆಗಿದ್ದ ಕೊನೇ ಸ್ಯಾಂಪಲ್ ಅದು. ಒಂದು ಸೆಮಿಸ್ಟರ್ ಹೋಯ್ತು.

ಮಳೆಗಾಲದಲ್ಲಿ ಶಿರಾಡಿ ಬಂದ್ ಆದಾಗ ಸಕಲೇಶಪುರದಲ್ಲಿ ಲಾರಿ ಸಾಲು ನೋಡಿದ್ದೀರಲ್ಲ, ಇಂಜಿನ್ ಕೆಟ್ಟು ನಿಂತಿರ್ತವಾ? ದಾರಿ ಬಿಡೋದನ್ನ ಕಾಯ್ತಿರ್ತವೆ, ಬಿರುಕೂ ಹಂಗೇ. ಪಕ್ಕದ ಗ್ರೇನಿನ ಸ್ಫಟಿಕ ಬೇರೆ ದಿಕ್ಕಿಗೆ ತಿರುಗಿರುತ್ತೆ, ಹಂಗಾಗಿ ಸ್ಲಿಪ್ ಸಲೀಸಾಗಿ ದಾಟಲ್ಲ. ಬೌಂಡರಿ ಹತ್ರ ಡಿಸ್‌ಲೊಕೇಶನ್‌ಗಳು (ಸ್ಫಟಿಕದ ಪರಮಾಣು ಸಾಲಿನ ದೋಷಗಳು) ಗುಡ್ಡೆ ಬಿದ್ದೂ ಬಿದ್ದೂ ಕೊನೆಗೆ ಆಚೆ ಗ್ರೇನಲ್ಲಿ ಸ್ಲಿಪ್ ಶುರುವಾಗುತ್ತೆ. ಪೂರ್ತಿ ನಿಂತೇಬಿಡೋ ಬಿರುಕುಗಳೂ ಇವೆ, ಆದ್ರೆ ಸ್ಟ್ರೆಸ್ಸು ಎಂಡ್ಯೂರೆನ್ಸ್ ಲಿಮಿಟ್ಟಿಗಿಂತ (ಎಷ್ಟು ಸುತ್ತಾದ್ರೂ ಲೋಹ ಮುರಿಯದ ಮಿತಿ) ಕೆಳಗಿದ್ದಾಗ. ನೀವು ಅದಕ್ಕಿಂತ ಮೇಲೆ ಓಡಿಸ್ತಿದ್ದೀರಿ ಅಂತ ನೀವೇ ಬರೆದಿದ್ದೀರಿ.

ಪ್ಯಾರಿಸ್ ನಿಯಮ ಬಿಟ್ಟಾಕಿ. ಅದು ಎಷ್ಟೋ ಗ್ರೇನ್ ದಾಟಿ ಬೆಳೆದ ಉದ್ದನೆ ಬಿರುಕಿಗೆ. ಲೆಕ್ಕದಲ್ಲಿ ಡೆಲ್ಟಾ ಕೆ (ಬಿರುಕಿನ ತುದಿಗೆ ಪ್ರತಿ ಸುತ್ತಲ್ಲಿ ಬೀಳೋ ಒತ್ತಡದ ಅಳತೆ) ಒಂದೇ ಇದ್ರೂ ಸಣ್ಣ ಬಿರುಕು ಹೆಚ್ಚು ಜೋರಾಗಿ ಓಡುತ್ತೆ ಅಂತ ಸಂಶೋಧಕ ಪಿಯರ್ಸನ್ 1975ರಲ್ಲೇ ಅಲ್ಯೂಮಿನಿಯಂ ಮಿಶ್ರಲೋಹಗಳಲ್ಲಿ ತೋರಿಸಿದ್ರು. ಎಸ್‌ಇಎಂಗೆ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ) ಬೆಂಗಳೂರಿಗೆ ಹೋಗ್ಲಾ ಅಂತಲೂ ಕೇಳಿದ್ರಿ. ಈಗ ಬೇಡ. ಬಿರುಕು ನಿಂತಾಗಲೇ ರೆಪ್ಲಿಕಾ ಜಾಸ್ತಿ ತೆಗೀಬೇಕು, 2000 ಸುತ್ತಿಗೊಂದು. ಊಟ ಡಬ್ಬೀಲಿ ಲ್ಯಾಬಿಗೇ ತರಿಸಿಕೊಳ್ಳಿ.