ಎತ್ತರಿಸಿದ ಗಾಡಿ ಯಾಕೆ ನೇರ ಓಡುತ್ತಿಲ್ಲ?

ಪ್ರಶ್ನೆ: ನನ್ನ ಫೋರ್ ವೀಲ್ ಡ್ರೈವ್ ಗಾಡಿಗೆ ಮುಂದೆಯೂ ಹಿಂದೆಯೂ ಸಾಲಿಡ್ ಆಕ್ಸಲ್ (ಎರಡು ಚಕ್ರಗಳನ್ನೂ ಜೋಡಿಸುವ ಒಂದೇ ಗಟ್ಟಿ ಅಚ್ಚು), ಕಾಯಿಲ್ ಸ್ಪ್ರಿಂಗ್. 4 ಇಂಚು ಎತ್ತರಿಸಿ 33 ಇಂಚಿನ ಟೈರ್ ಹಾಕಿಸಿದ್ದೇನೆ. ಕಲ್ಲುಹಾದಿಯಲ್ಲಿ ಏನೂ ತೊಂದರೆ ಇಲ್ಲ. ಡಾಂಬರು ರಸ್ತೆಗೆ ಬಂದರೆ ಗಾಡಿ ಆ ಕಡೆ ಈ ಕಡೆ ಅಲೆಯುತ್ತದೆ. ಸ್ಟೀರಿಂಗ್ ತಿರುಗಿಸಿ ಕೈ ಸಡಿಲಿಸಿದರೆ ತಾನಾಗಿ ವಾಪಸ್ ಬರುವುದಿಲ್ಲ. ಗುಂಡಿ ಸಿಕ್ಕರೆ ಒಂದು ಕಡೆ ಎಳೆಯುತ್ತದೆ. ಮೊನ್ನೆ 70 ಕಿ.ಮೀ. ವೇಗದಲ್ಲಿ ಸೇತುವೆಯ ಜಾಯಿಂಟ್ ದಾಟಿದಾಗ ಮುಂದಿನ ಚಕ್ರಗಳು ಎಡಕ್ಕೂ ಬಲಕ್ಕೂ ಹೊಡೆದುಕೊಂಡವು. ಪೂರ್ತಿ ನಿಧಾನ ಮಾಡುವವರೆಗೂ ಇಡೀ ಗಾಡಿ ನಡುಗುತ್ತಿತ್ತು. ಗ್ಯಾರೇಜಿನವರು ಎರಡು ಸ್ಟೀರಿಂಗ್ ಡ್ಯಾಂಪರ್ (ಸ್ಟೀರಿಂಗಿನ ಅಲುಗಾಟ ತಗ್ಗಿಸುವ ಶಾಕ್ ಅಬ್ಸಾರ್ಬರ್) ಹಾಕಿಸಿ ಅನ್ನುತ್ತಿದ್ದಾರೆ. ಹಾಕಿಸಲೇ?

ಉತ್ತರ: ಬೇಡ. ಡ್ಯಾಂಪರ್ ಮಾತು ಆಮೇಲೆ ನೋಡೋಣ. ಅದಕ್ಕೂ ಮೊದಲು ಒಂದು ವಿನಂತಿ: ಈ ನಡುಕದ ಕಾರಣ ಸಿಗುವವರೆಗೆ ಗಾಡಿಯನ್ನು ವೇಗದ ರಸ್ತೆಗೆ ತೆಗೆದುಕೊಂಡು ಹೋಗಬೇಡಿ. ಡೆತ್ ವಾಬಲ್ ಅನ್ನುವುದು ಇದನ್ನೇ. ಒಂದು ಸಲ ಶುರುವಾದ ಮೇಲೆ ಪ್ರತಿ ಸಲವೂ ಸಡಿಲವಾದ ಭಾಗವನ್ನು ಇನ್ನಷ್ಟು ಸವೆಸುತ್ತದೆ. ದಾರಿಯಲ್ಲಿ ಮತ್ತೆ ಬಂದರೆ ಸ್ಟೀರಿಂಗ್ ಗಟ್ಟಿಯಾಗಿ ಹಿಡಿದು, ವೇಗ ಇಳಿಸಿ, ಬದಿಗೆ ನಿಲ್ಲಿಸಿ.

ನೀವು ಹೇಳಿರುವುದು ಒಂದು ತೊಂದರೆಯಲ್ಲ, ಮೂರು. ಮೂರಕ್ಕೂ ಕಾರಣ ಬೇರೆ ಬೇರೆ. ಎಲ್ಲವನ್ನೂ ಡ್ಯಾಂಪರ್ ತಲೆಗೆ ಕಟ್ಟಿದರೆ ಯಾವುದೂ ಸರಿಹೋಗುವುದಿಲ್ಲ.

ನಡುಕದಿಂದ ಶುರು ಮಾಡೋಣ. ಗಾಡಿ ನೆಲದ ಮೇಲೇ ನಿಂತಿರಲಿ, ಜ್ಯಾಕ್ ಹಾಕಬೇಡಿ. ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಕಲ್ಲು ಕೊಡಿ. ಎಂಜಿನ್ ಚಾಲೂ ಇರಲಿ. ಒಬ್ಬರು ಕೂತು ಸ್ಟೀರಿಂಗನ್ನು ಎಡಕ್ಕೆ ಸ್ವಲ್ಪ, ಬಲಕ್ಕೆ ಸ್ವಲ್ಪ, ಬೇಗ ಬೇಗ ಅಲ್ಲಾಡಿಸುತ್ತಿರಲಿ. ಇನ್ನೊಬ್ಬರು ಟಾರ್ಚ್ ಹಿಡಿದು ಕೆಳಗಿನಿಂದ ಒಂದೊಂದೇ ಜಾಯಿಂಟ್ ನೋಡಬೇಕು. ಬೆರಳು ಒಳಗೆ ಹಾಕಬೇಡಿ, ಕಣ್ಣು ಸಾಕು. ನಾನು ಮೊದಲು ನೋಡುವುದು ಪ್ಯಾನ್‌ಹಾರ್ಡ್ ರಾಡ್. ಆಕ್ಸಲ್ ಅಡ್ಡಡ್ಡ ಸರಿಯದಂತೆ ಚಾಸಿಗೆ ಕಟ್ಟಿಹಾಕುವುದು ಅದೊಂದೇ. ಅದರ ಬೋಲ್ಟ್ ಕೂದಲೆಳೆಯಷ್ಟು ಸಡಿಲವಾದರೂ ಸಾಕು, ಬ್ರಾಕೆಟ್ಟಿನ ತೂತು ಮೊಟ್ಟೆಯಾಕಾರಕ್ಕೆ ಬರುತ್ತದೆ. ಬೋಲ್ಟಿನ ಸುತ್ತ ಬಣ್ಣ ಹೋಗಿ ಫಳಫಳ ಹೊಳೆಯುವ ಉಂಗುರ, ಪಕ್ಕದಲ್ಲಿ ಕೆಂಪು ತುಕ್ಕಿನ ಪುಡಿ ಕಂಡರೆ ಕಳ್ಳ ಸಿಕ್ಕ ಅಂತಲೇ ಲೆಕ್ಕ. ಅಂಥ ತೂತಿಗೆ ಬೋಲ್ಟನ್ನು ಇನ್ನೂ ಬಿಗಿ ಮಾಡಿ ಪ್ರಯೋಜನವಿಲ್ಲ. ಬ್ರಾಕೆಟ್ಟನ್ನು ಬದಲಿಸಬೇಕು, ಇಲ್ಲವೇ ದಪ್ಪ ವಾಷರ್ ತಟ್ಟೆ ವೆಲ್ಡ್ ಮಾಡಿ ಸರಿಯಾದ ಅಳತೆಗೆ ತರಬೇಕು. ಅದಾದ ಮೇಲೆ ಎರಡು ಮುಂಚಕ್ರಗಳನ್ನು ಜೋಡಿಸುವ ಟೈ ರಾಡ್ ಎಂಡ್‌ಗಳು, ಬಾಲ್ ಜಾಯಿಂಟ್ (ಚಕ್ರ ಎಡಬಲ ತಿರುಗುವ ಗುಂಡು ಕೀಲು), ವೀಲ್ ಬೇರಿಂಗ್, ಕಂಟ್ರೋಲ್ ಆರ್ಮ್ (ಆಕ್ಸಲ್ ಹಿಂದೆಮುಂದೆ ಸರಿಯದಂತೆ ಚಾಸಿಗೆ ಹಿಡಿದಿಡುವ ತೋಳು), ಅದರ ಕೀಲಿನ ರಬ್ಬರ್ ಬುಷ್. ಸ್ಟೀರಿಂಗ್ ಬಾಕ್ಸ್ ಕೂರುವ ಜಾಗದಲ್ಲಿ ಚಾಸಿಗೆ ಬಿರುಕು ಬಿಟ್ಟಿದೆಯಾ ಅಂತಲೂ ಒರೆಸಿ ನೋಡಿ. ದೊಡ್ಡ ಟೈರ್ ಹಾಕಿದ ಗಾಡಿಗಳಲ್ಲಿ ಆ ಜಾಗಕ್ಕೆ ಹೊರೆ ಜಾಸ್ತಿ. ಟೈರ್ ಬ್ಯಾಲೆನ್ಸ್ ಸರಿಯಿಲ್ಲದಿದ್ದರೆ ನಡುಕಕ್ಕೆ ಚಾಲನೆ ಸಿಗುತ್ತದೆ, ಆದರೆ ಅದನ್ನು ಬೆಳೆಸುವುದು ಸಡಿಲವಾದ ಜಾಯಿಂಟ್.

ಹೊಸ ಡ್ಯಾಂಪರ್ ಹಾಕಿದರೆ ನಡುಕ ನಿಂತಂತೆ ಕಾಣುತ್ತದೆ, ನಿಜ. ಅದೇ ಅಪಾಯ. ಒಳಗೆ ಬೋಲ್ಟ್ ತೂತು ತಿನ್ನುತ್ತಲೇ ಇರುತ್ತದೆ, ನಿಮಗೆ ಗೊತ್ತಾಗುವುದಿಲ್ಲ.

ಎರಡನೆಯದು, ಸ್ಟೀರಿಂಗ್ ವಾಪಸ್ ಬಾರದಿರುವುದು. ಇದು ಕ್ಯಾಸ್ಟರ್, ಅಂದರೆ ಚಕ್ರ ತಿರುಗುವ ಅಕ್ಷ ಮೇಲ್ತುದಿಯಲ್ಲಿ ಹಿಂದಕ್ಕೆ ವಾಲಿರುವ ಕೋನ, ಕಡಿಮೆಯಾದ ಲಕ್ಷಣ. ಸೈಕಲ್ಲಿನ ಮುಂದಿನ ಫೋರ್ಕ್ ಮೇಲ್ತುದಿಯಲ್ಲಿ ಹಿಂದಕ್ಕೆ ವಾಲಿರುತ್ತದೆ, ಕೈ ಬಿಟ್ಟರೂ ಸೈಕಲ್ ನೇರ ಹೋಗಲು ಅದೂ ಒಂದು ಕಾರಣ ಅಲ್ವಾ? ನಿಮ್ಮ ಗಾಡಿಯ ಚಕ್ರ ತಿರುಗುವ ಅಕ್ಷಕ್ಕೂ ಅಂಥದೇ ವಾಲು ಬೇಕು. ಎಷ್ಟು ಡಿಗ್ರಿ ಅನ್ನುವುದು ಗಾಡಿಯಿಂದ ಗಾಡಿಗೆ ಬೇರೆ. ನಿಮ್ಮ ಗಾಡಿಯ ಅಂಕಿ ಅದರ ಮ್ಯಾನ್ಯುಯಲ್‌ನಲ್ಲೇ ಇರುತ್ತದೆ. ಉದ್ದ ಸ್ಪ್ರಿಂಗ್ ಹಾಕಿದಾಗ ಕಂಟ್ರೋಲ್ ಆರ್ಮ್‌ಗಳು ಕೆಳಗೆ ಬಾಗಿ, ಆಕ್ಸಲ್ ಮುಂದಕ್ಕೆ ಉರುಳುತ್ತದೆ. ವಾಲು ಕರಗುತ್ತದೆ. ಅಲೈನ್‌ಮೆಂಟ್ ಯಂತ್ರದಲ್ಲಿ ಅಳೆಸಿ, ಎಷ್ಟು ಕಡಿಮೆ ಅಂತ ಬರೆಸಿಕೊಳ್ಳಿ. ಒಂದೆರಡು ಡಿಗ್ರಿ ಆದರೆ ಆಫ್‌ಸೆಟ್ ಬುಷ್ (ತೂತು ನಡುವಿನಿಂದ ಪಕ್ಕಕ್ಕೆ ಸರಿದಿರುವ ಬುಷ್) ಸಾಕು. ಜಾಸ್ತಿ ಆದರೆ ಉದ್ದ ಹೊಂದಿಸಬಲ್ಲ ಕಂಟ್ರೋಲ್ ಆರ್ಮ್ ಬೇಕು. ಅಥವಾ ಆರ್ಮ್ ಕೂರುವ ಬ್ರಾಕೆಟ್ಟನ್ನೇ ಕೆಳಗಿಳಿಸಬೇಕು.

ಇಲ್ಲೊಂದು ತೊಡಕಿದೆ. ಕ್ಯಾಸ್ಟರ್ ಹೆಚ್ಚಿಸಲು ಆಕ್ಸಲನ್ನು ಹಿಂದಕ್ಕೆ ಉರುಳಿಸಿದರೆ ಡಿಫರೆನ್ಷಿಯಲ್ (ಆಕ್ಸಲಿನಲ್ಲಿರುವ ಗೇರ್ ಪೆಟ್ಟಿಗೆ) ಮೂತಿ ನೆಲದ ಕಡೆ ತಿರುಗುತ್ತದೆ. ಮುಂದಿನ ಆಕ್ಸಲಿಗೆ ಎಂಜಿನ್ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಯುಜೆ (ಕೋನದಲ್ಲೂ ತಿರುಗುವ ಕೀಲು) ಕ್ರಾಸ್‌ಗೆ ಕೋನ ಇನ್ನೂ ಕೆಡುತ್ತದೆ, ಗಾಡಿ ಗುಂಯ್ಗುಡತೊಡಗುತ್ತದೆ. ಹಾಗಾಗಿ 4 ಇಂಚಿನ ಲಿಫ್ಟ್‌ನಲ್ಲಿ ಪೂರ್ತಿ ಕ್ಯಾಸ್ಟರ್ ಹಟ ಹಿಡಿಯಬೇಡಿ. ಮೊದಲಿದ್ದದ್ದಕ್ಕಿಂತ ಒಂದು ಡಿಗ್ರಿ ಕಡಿಮೆ ಇದ್ದರೂ ಶಾಫ್ಟ್ ನೆಮ್ಮದಿಯಾಗಿ ತಿರುಗುವುದಾದರೆ ನಾನು ಅದನ್ನೇ ಆರಿಸುತ್ತೇನೆ.

ಇನ್ನು ಗುಂಡಿ ಸಿಕ್ಕಾಗ ಎಳೆಯುವುದು. ಗಾಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿ. ಸ್ಟೀರಿಂಗ್ ಬಾಕ್ಸಿನಿಂದ ಚಕ್ರದ ಕಡೆಗೆ ಇಳಿಯುವ ಡ್ರ್ಯಾಗ್ ಲಿಂಕ್ ಒಂದು, ಪ್ಯಾನ್‌ಹಾರ್ಡ್ ರಾಡ್ ಇನ್ನೊಂದು. ಎರಡೂ ಒಂದೇ ಇಳಿಜಾರಿನಲ್ಲಿ, ಹತ್ತಿರಹತ್ತಿರ ಒಂದೇ ಉದ್ದದಲ್ಲಿ ಇರಬೇಕು. ಯಾಕೆ ಅಂತ ಲೆಕ್ಕದಲ್ಲಿ ನೋಡಿ. ಲಿಂಕಿನ ಉದ್ದ 100 ಸೆಂ.ಮೀ., ಅದು ಮಟ್ಟಸವಾಗಿದೆ ಅನ್ನಿ. ಆಕ್ಸಲ್ 5 ಸೆಂ.ಮೀ. ಮೇಲೆದ್ದರೆ ಲಿಂಕಿನ ತುದಿ ಪಕ್ಕಕ್ಕೆ ಸರಿಯುವುದು 1.25 ಮಿ.ಮೀ. ಮಾತ್ರ. ಲಿಫ್ಟ್ ಆದ ಮೇಲೆ ಅದೇ ಲಿಂಕ್ 10 ಸೆಂ.ಮೀ. ಇಳಿಜಾರಾಗಿದೆ ಅನ್ನಿ. ಅದೇ 5 ಸೆಂ.ಮೀ. ಏರಿಕೆಗೆ ಈಗ ಸುಮಾರು 3.75 ಮಿ.ಮೀ. ಸರಿಯುತ್ತದೆ, ಅಂದರೆ ಮೂರು ಪಟ್ಟು. ಚಕ್ರದ ಸ್ಟೀರಿಂಗ್ ಆರ್ಮ್ 15 ಸೆಂ.ಮೀ. ಇದ್ದರೆ, ನೀವು ಕೈ ಅಲ್ಲಾಡಿಸದೆಯೂ ಚಕ್ರ ಒಂದೂವರೆ ಡಿಗ್ರಿಯಷ್ಟು ತಿರುಗಿಬಿಡುತ್ತದೆ. ಆದರೆ ಪ್ಯಾನ್‌ಹಾರ್ಡ್ ರಾಡ್ ಕೂಡ ಅದೇ ಇಳಿಜಾರಿನಲ್ಲಿದ್ದರೆ ಅದು ಆಕ್ಸಲನ್ನೂ ಅಷ್ಟೇ ಪಕ್ಕಕ್ಕೆ ತಳ್ಳುತ್ತದೆ. ಎರಡೂ ಒಟ್ಟಿಗೆ ಸರಿದರೆ ಚಕ್ರ ತಿರುಗುವುದಿಲ್ಲ. ಜೋಡಿ ಕೆಟ್ಟಾಗ ಮಾತ್ರ ತೊಂದರೆ.

ಲಿಫ್ಟ್ ಕಿಟ್‌ಗಳ ಜೊತೆ ಬರುವ ಡ್ರಾಪ್ ಪಿಟ್‌ಮನ್ ಆರ್ಮನ್ನು (ಸ್ಟೀರಿಂಗ್ ಬಾಕ್ಸಿನಿಂದ ಡ್ರ್ಯಾಗ್ ಲಿಂಕನ್ನು ತಳ್ಳುವ, ಕೆಳಕ್ಕೆ ಬಾಗಿಸಿದ ತೋಳು) ಸುಮ್ನೆ ಹಾಕಿಬಿಟ್ಟವರ ಗಾಡಿಗಳೇ ಹೆಚ್ಚಾಗಿ ಹೀಗೆ ಎಳೆಯುತ್ತವೆ. ಲಿಂಕ್ ಮಾತ್ರ ಕೆಳಗಿಳಿಯಿತು, ಪ್ಯಾನ್‌ಹಾರ್ಡ್ ರಾಡ್ ಇದ್ದಲ್ಲೇ ಉಳಿಯಿತು. ನಿಮ್ಮದರಲ್ಲೂ ಅದೇ ಆಗಿದ್ದರೆ ಪ್ಯಾನ್‌ಹಾರ್ಡ್ ರಾಡಿನ ಚಾಸಿ ಬದಿಯ ಬ್ರಾಕೆಟ್ಟನ್ನೂ ಅಷ್ಟೇ ಇಳಿಸಬೇಕು. ನನಗೆ ಇಷ್ಟವಾದ ದಾರಿ ಇನ್ನೊಂದು: ಮೂಲ ಪಿಟ್‌ಮನ್ ಆರ್ಮನ್ನೇ ಉಳಿಸಿಕೊಂಡು, ಡ್ರ್ಯಾಗ್ ಲಿಂಕನ್ನು ಚಕ್ರದ ಬದಿಯಲ್ಲಿ ಮೇಲಿನಿಂದ ಕೂರಿಸುವುದು, ಪ್ಯಾನ್‌ಹಾರ್ಡ್ ರಾಡನ್ನು ಆಕ್ಸಲ್ ಬದಿಯಲ್ಲಿ ಮೇಲೆತ್ತುವುದು. ಹೀಗೆ ಮಾಡಿದರೆ ಸ್ಟೀರಿಂಗ್ ಬಾಕ್ಸಿನ ಶಾಫ್ಟ್ ಮೇಲೆ ಅದನ್ನು ಬಾಗಿಸುವ ಹೆಚ್ಚಿನ ಹೊರೆ ಬೀಳುವುದಿಲ್ಲ. ಸ್ಪ್ರಿಂಗ್ ಪೂರ್ತಿ ಒತ್ತಿದಾಗ ಎತ್ತಿದ ಭಾಗ ಎಲ್ಲಿಗೂ ತಾಗಬಾರದು, ಅದನ್ನು ಮೊದಲೇ ನೋಡಿಕೊಳ್ಳಿ. ಪ್ಯಾನ್‌ಹಾರ್ಡ್ ರಾಡ್ ಉದ್ದ ಹೊಂದಿಸುವಂಥದ್ದೇ ಇರಲಿ. ಲಿಫ್ಟ್‌ನಿಂದ ಆಕ್ಸಲ್ ಚಾಸಿ ಬ್ರಾಕೆಟ್ ಇರುವ ಕಡೆಗೆ ಸರಿದಿರುತ್ತದೆ, ಅದನ್ನು ನಡುವಿಗೆ ತರಬೇಕು.

ಇಷ್ಟೆಲ್ಲ ಆದ ಮೇಲೆ ಟೋ, ಅಂದರೆ ಮೇಲಿನಿಂದ ನೋಡಿದಾಗ ಮುಂಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ. ಮುಂದಿನ ಟೈರ್‌ಗಳು ಮುಂಬದಿಯಲ್ಲಿ ಒಂದಕ್ಕೊಂದು 2–3 ಮಿ.ಮೀ. ಹತ್ತಿರ ಇದ್ದರೆ ಸಾಕು. ಕೊನೆಗೆ ಹಳೆಯ ಡ್ಯಾಂಪರ್ ಎಣ್ಣೆ ಸೋರುತ್ತಿದ್ದರೆ ಒಂದು ಹೊಸದು ಹಾಕಿಸಿ. ಎರಡು ಬೇಡ.

ಪ್ರಶ್ನೆ: ಲಿಫ್ಟ್ ಮಾಡಿದ ಮೇಲೆ ಉದ್ದ ಶಾಕ್ ಅಬ್ಸಾರ್ಬರ್ ಹಾಕಿದರೆ ಸಾಕಾ? ಎಷ್ಟು ಉದ್ದ ಬೇಕು ಅಂತ ಹೇಗೆ ತಿಳಿಯುವುದು?

ಉತ್ತರ: ಕ್ಯಾಟಲಾಗ್ ನೋಡಿ ಅಲ್ಲ, ನಿಮ್ಮ ಗಾಡಿ ಅಳೆದು. ಚಾಸಿಯನ್ನು ಗಟ್ಟಿ ಸ್ಟ್ಯಾಂಡ್ ಮೇಲೆ ಕೂರಿಸಿ, ಶಾಕ್ ಮತ್ತು ಸ್ಪ್ರಿಂಗ್ ತೆಗೆದು, ಆಕ್ಸಲನ್ನು ಜ್ಯಾಕ್‌ನಿಂದ ಬಂಪ್ ಸ್ಟಾಪ್ (ಆಕ್ಸಲ್ ಚಾಸಿಗೆ ಬಡಿಯದಂತೆ ತಡೆಯುವ ರಬ್ಬರ್ ತುಂಡು) ಒತ್ತುವವರೆಗೆ ಎತ್ತಿ. ಶಾಕ್ ಕೂರುವ ಎರಡು ತುದಿಗಳ ನಡುವೆ ಅಳೆಯಿರಿ. ಪೂರ್ತಿ ಮುಚ್ಚಿದ ಶಾಕ್ ಇದಕ್ಕಿಂತ ಗಿಡ್ಡ ಇರಲೇಬೇಕು. ಇಲ್ಲದಿದ್ದರೆ ಬಂಪ್ ಸ್ಟಾಪಿನ ಕೆಲಸವನ್ನು ಶಾಕ್ ಮಾಡುತ್ತದೆ, ಅದರ ಮೌಂಟ್ ಕಿತ್ತುಬರುತ್ತದೆ. ಉದ್ದ ಶಾಕ್ ಬೇಕೆಂದರೆ ಬಂಪ್ ಸ್ಟಾಪನ್ನೂ ಉದ್ದ ಮಾಡಿ. ಆಮೇಲೆ ಆಕ್ಸಲನ್ನು ಪೂರ್ತಿ ಇಳಿಬಿಟ್ಟು ಸ್ಟೀರಿಂಗ್ ಎರಡೂ ಕಡೆ ಕೊನೆಯವರೆಗೆ ತಿರುಗಿಸಿ, ಬ್ರೇಕ್ ಹೋಸ್ ನೋಡಿ. ಅದು ಬಿಗಿಯಾಗಿದ್ದರೆ ಉಳಿದದ್ದು ಹಾಗಿರಲಿ, ಮೊದಲು ಉದ್ದ ಹೋಸ್ ತನ್ನಿ.

ಪ್ರಶ್ನೆ: ನನ್ನದು ಲೀಫ್ ಸ್ಪ್ರಿಂಗ್ ಗಾಡಿ. ಉದ್ದ ಶ್ಯಾಕಲ್ (ಸ್ಪ್ರಿಂಗಿನ ಒಂದು ತುದಿಯನ್ನು ಚಾಸಿಗೆ ಜೋಡಿಸುವ ಕೊಂಡಿ) ಹಾಕಿ ಎತ್ತರಿಸಬಹುದೇ?

ಉತ್ತರ: ಶ್ಯಾಕಲ್ 2 ಇಂಚು ಉದ್ದವಾದರೆ ಗಾಡಿ ಏಳುವುದು 1 ಇಂಚು ಮಾತ್ರ. ಶ್ಯಾಕಲ್ ಸ್ಪ್ರಿಂಗಿನ ಮುಂದಿನ ತುದಿಯಲ್ಲಿದ್ದರೆ ಕ್ಯಾಸ್ಟರ್ ಕೂಡ ಹೋಗುತ್ತದೆ. ಉದ್ದ ಶ್ಯಾಕಲ್ ಪಕ್ಕಕ್ಕೆ ಅಲ್ಲಾಡುವುದೂ ಜಾಸ್ತಿ. ಬಾಗು ಹೆಚ್ಚಿರುವ ಒಳ್ಳೆಯ ಸ್ಪ್ರಿಂಗನ್ನೇ ಹಾಕಿಸಿ. ಕ್ಯಾಸ್ಟರ್ ಕಡಿಮೆ ಬಂದರೆ ಸ್ಪ್ರಿಂಗ್ ಮತ್ತು ಆಕ್ಸಲ್ ನಡುವೆ 2 ಅಥವಾ 4 ಡಿಗ್ರಿಯ ಉಕ್ಕಿನ ಬೆಣೆ ಇಡಬಹುದು. ಮೆತ್ತಗಿನ ಅಲ್ಯೂಮಿನಿಯಂ ಬೆಣೆ ಮುಂದಿನ ಆಕ್ಸಲ್‌ಗೆ ಬೇಡ. ಅದು ನುಗ್ಗಾದರೆ ಸ್ಪ್ರಿಂಗನ್ನು ಆಕ್ಸಲಿಗೆ ಬಿಗಿದಿರುವ ಯು ಬೋಲ್ಟ್ ಸಡಿಲಾಗುತ್ತದೆ. ಬೆಣೆ ಹಾಕಿ ಸ್ವಲ್ಪ ದಿನ ಓಡಿಸಿದ ಮೇಲೆ ಯು ಬೋಲ್ಟ್‌ಗಳನ್ನು ಮತ್ತೊಮ್ಮೆ ಟಾರ್ಕ್ ರೆಂಚ್‌ನಿಂದ ಬಿಗಿ ಮಾಡಿಸಿ.