ತಟಸ್ಥ ಬೇರೆ, ಅಲಿಪ್ತ ಬೇರೆ

ಮಾನ್ಯರೆ,

ಅಲಿಪ್ತ ಚಳವಳಿಯ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿ ತೀರ್ಥಹಳ್ಳಿಯಿಂದ ತಾವು ಬರೆದ ಪತ್ರ ತಲುಪಿದೆ. ಅಮೆರಿಕ ಮತ್ತು ಸೋವಿಯತ್ ಬಣಗಳ ನಡುವೆ ಬಡ ದೇಶಗಳು ತಟಸ್ಥವಾಗಿ ಉಳಿದದ್ದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಜಾಣತನ, ಎರಡೂ ಕಡೆ ಕೈಚಾಚಲು ಹೂಡಿದ ನೆಪ ಎಂಬುದು ತಮ್ಮ ಆಕ್ಷೇಪ. ಶಾಲೆಯಲ್ಲಿ ಅಮೆರಿಕದ ಹಾಲಿನ ಪುಡಿಯ ಹಾಲು ಕುಡಿದು, ಸೋವಿಯತ್ ಸಚಿತ್ರ ಪತ್ರಿಕೆಯ ನುಣುಪು ಹಾಳೆಯಿಂದ ಪುಸ್ತಕಕ್ಕೆ ಬೈಂಡ್ ಹಾಕುತ್ತಿದ್ದುದನ್ನು ಸಾಕ್ಷಿಯಾಗಿ ನೆನಪಿಸಿದ್ದೀರಿ. ನಮ್ಮ ಮನೆಯಲ್ಲೂ ಅದೇ ಹಾಳೆಯೇ.

ಆದರೆ ತಾವು ಬಳಸಿದ ಪದದಲ್ಲೇ ತೊಡಕಿದೆ. ಆಷಾಢದಲ್ಲಿ ತುಂಗೆ ತುಂಬಿ ಹರಿಯುವಾಗ ತಟದಲ್ಲಿ ನಿಂತು ನೋಡುವವನು ತಟಸ್ಥ. 1815ರಿಂದ ಸ್ವಿಟ್ಜರ್ಲೆಂಡ್ ನಿಂತದ್ದು ಹಾಗೆ. ಅಲಿಪ್ತವೆಂದರೆ ಮಳೆಯಲ್ಲೇ ಇದ್ದು ಹನಿಯನ್ನು ಅಂಟಿಸಿಕೊಳ್ಳದ ಕೆಸುವಿನ ಎಲೆ. 1961ರಲ್ಲಿ ಬೆಲ್‌ಗ್ರೇಡ್‌ನಲ್ಲಿ ಸೇರಿದ 25 ದೇಶಗಳು ಬಣಗಳ ಸೇನಾ ಒಕ್ಕೂಟದಿಂದ ಹೊರಗಿರಲು ಒಪ್ಪಿದವೇ ಹೊರತು ಜಗತ್ತಿನ ವಿಷಯದಲ್ಲಿ ಬಾಯಿ ಮುಚ್ಚಿಕೊಂಡಿರಲು ಅಲ್ಲ. (1955ರಲ್ಲಿ ಇಂಡೋನೇಷ್ಯಾದ ಬಾಂಡುಂಗ್‌ನಲ್ಲಿ ನಡೆದ ಏಷ್ಯಾ-ಆಫ್ರಿಕಾ ಸಮ್ಮೇಳನವನ್ನೇ ಚಳವಳಿಯ ಹುಟ್ಟು ಎಂದಿದ್ದೀರಿ, ಆದರೆ ಅಲ್ಲಿ ಅಮೆರಿಕದ ಜೊತೆ ಸೇನಾ ಒಪ್ಪಂದದಲ್ಲಿದ್ದ ಪಾಕಿಸ್ತಾನ, ಟರ್ಕಿಗಳೂ ಇದ್ದವು.)

ಮಳೆಯಲ್ಲಿ ನಿಲ್ಲುವುದೆಂದರೆ ಏನೆಂದು 1953ರ ಕೊರಿಯಾದಲ್ಲಿ ನೋಡಬಹುದು. ಯುದ್ಧ ನಿಂತ ಮೇಲೆ ತಾಯ್ನಾಡಿಗೆ ಮರಳಲು ಒಪ್ಪದ ಸುಮಾರು 22,000 ಯುದ್ಧಕೈದಿಗಳ ಹೊಣೆ ಹೊತ್ತ ಆಯೋಗದಲ್ಲಿ ಅಮೆರಿಕದ ಕಡೆಯವರು ಸೂಚಿಸಿದ ಸ್ವೀಡನ್, ಸ್ವಿಟ್ಜರ್ಲೆಂಡ್ ಒಂದು ಕಡೆ, ಕಮ್ಯುನಿಸ್ಟ್ ಕಡೆಯವರು ಸೂಚಿಸಿದ ಪೋಲೆಂಡ್, ಜೆಕೊಸ್ಲೊವಾಕಿಯಾ ಇನ್ನೊಂದು ಕಡೆ. ನಡುವೆ ಅಧ್ಯಕ್ಷರಾಗಿ ನಮ್ಮ ಕೊಡಗಿನ ಜನರಲ್ ಕೆ. ಎಸ್. ತಿಮ್ಮಯ್ಯ. ಭಾರತದ ಸೈನಿಕರು ತನ್ನ ನೆಲ ತುಳಿಯಬಾರದೆಂದು ದಕ್ಷಿಣ ಕೊರಿಯಾ ಹಟ ಹಿಡಿದದ್ದರಿಂದ ಅವರನ್ನು ಹಡಗಿನಿಂದ ಹೆಲಿಕಾಪ್ಟರ್‌ನಲ್ಲಿ ಎತ್ತಿ ಸೇನಾರಹಿತ ವಲಯಕ್ಕೆ ಇಳಿಸಬೇಕಾಯಿತು. ಎರಡೂ ಕಡೆಯವರ ಬೈಗುಳ ತಿಂದು ಆ ಕೆಲಸ ಮುಗಿಸಿ ಅವರು ಹಿಂದಿರುಗಿದಾಗ, ಯಾವ ಬಣವೂ ಬೇಡವೆಂದ ಎಂಬತ್ತಕ್ಕೂ ಹೆಚ್ಚು ಕೈದಿಗಳು ಅವರ ಜೊತೆ ಭಾರತಕ್ಕೇ ಬಂದರು.

ಇನ್ನು ಕೈಚಾಚಿದ ಮಾತು. ಎರಡು ಅಂಗಡಿ ಇದ್ದಾಗಲೇ ಗಿರಾಕಿಗೆ ಬೆಲೆ ಎಂಬುದು ಶಿವಮೊಗ್ಗದ ಅಡಿಕೆ ಮಂಡಿ ಬಲ್ಲ ತಮಗೆ ನಾನು ಹೇಳಬೇಕಿಲ್ಲ. ಈಜಿಪ್ಟಿನ ಆಸ್ವಾನ್ ಅಣೆಕಟ್ಟೆಯ ನೆರವನ್ನು 1956ರ ಜುಲೈಯಲ್ಲಿ ಅಮೆರಿಕ ಹಿಂತೆಗೆದುಕೊಂಡಾಗ ಅಲ್ಲಿನ ಅಧ್ಯಕ್ಷ ನಾಸರ್ ವಾರದೊಳಗೆ ಸೂಯೆಜ್ ಕಾಲುವೆಯನ್ನು ರಾಷ್ಟ್ರೀಕರಣ ಮಾಡಿದರು, ಅಣೆಕಟ್ಟೆಗೆ ಮುಂದೆ ಸೋವಿಯತ್ ನೆರವು ಬಂತು. ನಮ್ಮ ಬೊಕಾರೊ ಉಕ್ಕಿನ ಕಾರ್ಖಾನೆಯ ಕಥೆಯೂ ಹೆಚ್ಚುಕಡಿಮೆ ಇದೇ: ಅಮೆರಿಕದಿಂದ ಸಿಗದ ನೆರವು ಸೋವಿಯತ್‌ನಿಂದ ಬಂತು. ಆದರೆ ಅಂಗಡಿ ಒಂದೇ ಇದ್ದಲ್ಲಿ ಈ ಆಟ ನಡೆಯಲಿಲ್ಲ: 1965-67ರ ಬರಗಾಲದಲ್ಲಿ ಗೋಧಿಗೆ ಅಮೆರಿಕವನ್ನೇ ನೆಚ್ಚಿದ್ದ ಭಾರತ ವಿಯೆಟ್ನಾಂ ಬಾಂಬ್ ದಾಳಿಯನ್ನು ಟೀಕಿಸಿ ಅಧ್ಯಕ್ಷ ಜಾನ್ಸನ್ ಅವರ ಸಿಟ್ಟಿಗೆ ಗುರಿಯಾಯಿತು, ಅವರು ಹಡಗುಗಳನ್ನು ತಡೆತಡೆದು, ಅಳೆದಳೆದು ಕಳುಹಿಸಿದರು. ಕೈಚಾಚುವುದಷ್ಟೇ ಗುರಿಯಾಗಿದ್ದರೆ ಆಗ ಸುಮ್ಮನಿರುವುದು ಸುಲಭವಿತ್ತು.

ತಮ್ಮ ಪತ್ರದಲ್ಲಿ ನನಗೆ ಉತ್ತರವಿಲ್ಲದ ಒಂದು ಸಾಲಿದೆ, ಅದು ಹಂಗೇರಿಯದು. 1956ರಲ್ಲಿ ಸೂಯೆಜ್ ಮೇಲೆ ಬ್ರಿಟನ್, ಫ್ರಾನ್ಸ್, ಇಸ್ರೇಲ್ ನಡೆಸಿದ ದಾಳಿಯನ್ನು ತಡಮಾಡದೆ ಖಂಡಿಸಿದ ಭಾರತ, ಅದೇ ದಿನಗಳಲ್ಲಿ ಹಂಗೇರಿಯ ರಾಜಧಾನಿ ಬುಡಾಪೆಸ್ಟ್‌ಗೆ ಸೋವಿಯತ್ ಟ್ಯಾಂಕುಗಳು ನುಗ್ಗಿದಾಗ ವಿಶ್ವಸಂಸ್ಥೆಯಲ್ಲಿ ಖಂಡನೆಯ ಪರ ಮತ ಹಾಕದೆ ಹಿಂದೆ ಸರಿಯಿತು. ಅಂದು ನಾವು ದೀಪವನ್ನು ಇಟ್ಟದ್ದು ಅಡ್ಡಗೋಡೆಯ ಮೇಲೇ.

— ಸಂಪಾದಕ