ದರೆಯಂಚಿನ ಕೋಣೆ, ಕಿಟಿಕಿಯಲ್ಲಿ ಕಡಲು: ವರ್ಕಲಕ್ಕೆ ಹೊರಟವರ ಪ್ರಶ್ನೆಗಳು

ಮದುವೆಯ ದಿನಗಳು ಹತ್ತಿರ ಬಂದಂತೆ ಕಾಸರಗೋಡಿನ ಓದುಗರಿಂದ ಪ್ರವಾಸದ ಪತ್ರಗಳೂ ಬರತೊಡಗಿವೆ. ಮುನ್ನಾರು, ಊಟಿ ಬಿಟ್ಟು ಈ ಸಲ ಹೆಚ್ಚಿನವರು ಕೇಳಿರುವುದು ತೆಂಕಣ ಕೇರಳದ ಕಡಲತಡಿಯ ಊರಾದ ವರ್ಕಲದ ಬಗ್ಗೆ. ಒಂದೇ ತೆರನಾದವುಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಜನವರಿ ಎರಡನೇ ವಾರ ನಮ್ಮ ಮದುವೆ. ಆಮೇಲೆ ವರ್ಕಲದಲ್ಲಿ ಮೂರು ರಾತ್ರಿ ಉಳಿಯುವ ಯೋಚನೆ. ದಿನಕ್ಕೆ 5,000 ರೂಪಾಯಿವರೆಗೆ ತೊಂದರೆಯಿಲ್ಲ. ನಾರ್ತ್ ಕ್ಲಿಫ್, ಸೌತ್ ಕ್ಲಿಫ್, ಓಡಯಂ ಎಂದೆಲ್ಲ ಹೆಸರು ಕಾಣುತ್ತದೆ. ಇವುಗಳಲ್ಲಿ ಯಾವುದು ಒಳ್ಳೆಯದು? (ಬದಿಯಡ್ಕ)

ಊರಿನ ಆಕಾರ ಒಮ್ಮೆ ತಲೆಗೆ ಹೋದರೆ ಅರ್ಧ ಕೆಲಸ ಮುಗಿದಂತೆ. ನಡುವೆ ಪಾಪನಾಶಂ ಕಡಲ ಕಿನಾರೆ. ಜನಾರ್ದನ ಸ್ವಾಮಿ ದೇವಸ್ಥಾನದ ಕಡೆಯಿಂದ ಬರುವ ರಸ್ತೆ ಇಲ್ಲಿ ಮರಳಿನವರೆಗೂ ಇಳಿಯುತ್ತದೆ. ಅಲ್ಲಿಂದ ಬಡಗು ದಿಕ್ಕಿಗೆ ಎದ್ದು ನಿಂತಿರುವ ದರೆ ನಾರ್ತ್ ಕ್ಲಿಫ್, ತೆಂಕಿನದ್ದು ಸೌತ್ ಕ್ಲಿಫ್. ನಾರ್ತ್ ಕ್ಲಿಫಿನ ಮೇಲೆ ಹೆಲಿಪ್ಯಾಡಿನಿಂದ ಶುರುವಾಗಿ ಅಂಚಿನುದ್ದಕ್ಕೂ ಕಾಲುದಾರಿ ಇದೆ. ಒಂದು ಬದಿ ಪ್ರಪಾತ, ಇನ್ನೊಂದು ಬದಿ ಕೆಫೆ, ಬಟ್ಟೆಯಂಗಡಿ, ಮೀನು ಹರಡಿಟ್ಟ ಹೋಟೆಲು. ಇದೇ ದಾರಿ ಬಡಗಿಗೆ ಹೋದಂತೆ ಜನ ಕಡಿಮೆಯಾಗಿ, ನೆಲವೂ ತಗ್ಗಿ, ಕಪ್ಪು ಮರಳಿನ ತಿರುವಂಬಾಡಿ ಕಿನಾರೆಗೆ ಇಳಿಯುತ್ತದೆ. ಎಲ್ಲರೂ ಅದನ್ನು ಬ್ಲ್ಯಾಕ್ ಬೀಚ್ ಎನ್ನುತ್ತಾರೆ. ಅದರಾಚೆ ಓಡಯಂ, ಇಡವ, ಕಾಪ್ಪಿಲ್.

ಹೆಚ್ಚಿನವರು ಎಡವುವುದು ಇಲ್ಲಿ. ಚಿತ್ರದಲ್ಲಿ ಚೆಂದ ಕಾಣುವುದು ನಾರ್ತ್ ಕ್ಲಿಫಿನ ಮಧ್ಯಭಾಗ. ನಿದ್ದೆ ಬಾರದ ಜಾಗವೂ ಅದೇ. ಜನವರಿಯಲ್ಲಿ ಅಲ್ಲಿ ಹೊತ್ತು ಮೀರಿದರೂ ಹಾಡು ನಿಲ್ಲುವುದಿಲ್ಲ, ಕೋಣೆಯ ಬಾಲ್ಕನಿಯ ಎದುರಿಗೇ ಜನರ ಓಡಾಟ. ಹೊಸದಾಗಿ ಮದುವೆಯಾದವರು ಬಾಲ್ಕನಿಯಲ್ಲಿ ಕೂತು ಚಹಾ ಕುಡಿಯುವುದನ್ನು ದಾರಿಹೋಕರೆಲ್ಲ ನೋಡಿಕೊಂಡು ಹೋಗಬೇಕೇ? ಹಾಗಾಗಿ ನಮ್ಮ ಸಲಹೆ ಬ್ಲ್ಯಾಕ್ ಬೀಚಿನಿಂದ ಓಡಯಂವರೆಗಿನ ಭಾಗ. ಸಂಜೆ ಕಾಲುದಾರಿಯಲ್ಲಿ ಕಾಲುಗಂಟೆ, ಇಪ್ಪತ್ತು ನಿಮಿಷ ನಡೆದರೆ ಕ್ಲಿಫಿನ ಗದ್ದಲ ಸಿಗುತ್ತದೆ, ಬೇಸರವಾದಾಗ ಬಿಟ್ಟು ಬರಬಹುದು. ವಾಪಸು ಬರುವಾಗ ಟಾರ್ಚ್ ಇರಲಿ. ಕೆಲವೆಡೆ ದಾರಿಗೆ ಬೇಲಿಯೂ ಇಲ್ಲ, ಬೆಳಕೂ ಇಲ್ಲ.

ಪೂರ್ತಿ ಮೌನವೇ ಬೇಕಿದ್ದರೆ ಸೌತ್ ಕ್ಲಿಫ್. ಆದರೆ ಅಲ್ಲಿ ರಾತ್ರಿಯೂಟಕ್ಕೆ ಆಯ್ಕೆ ಕಡಿಮೆ, ಹೋಟೆಲಿನಲ್ಲೇ ಅಡುಗೆ ಇದೆಯೋ ಕೇಳಿಕೊಳ್ಳಿ. ಊಟದ ಲೆಕ್ಕವನ್ನು ಹೋಟೆಲಿನವರು ಅಕ್ಷರಗಳಲ್ಲಿ ಬರೆಯುತ್ತಾರೆ: ಇಪಿ ಎಂದರೆ ಬರೀ ಕೋಣೆ, ಸಿಪಿ ಎಂದರೆ ಬೆಳಗ್ಗಿನ ತಿಂಡಿ ಸೇರಿ, ಎಂಎಪಿ ಎಂದರೆ ತಿಂಡಿಯ ಜತೆ ಒಂದು ಹೊತ್ತಿನ ಊಟ, ಎಪಿ ಎಂದರೆ ಮೂರು ಹೊತ್ತೂ. ನಿಮಗೆ ಸಿಪಿ ಸಾಕು.

ಇನ್ನೆರಡು ಮಾತು. ಕ್ಲಿಫಿನ ಅಂಚಿನ ದಾರಿಗೆ ವಾಹನ ಬರುವುದಿಲ್ಲ, ಅಟೊದವರು ಹಿಂದಿನ ಓಣಿಯಲ್ಲಿ ಇಳಿಸುತ್ತಾರೆ. "ಅಟೊ ಬಾಗಿಲವರೆಗೆ ಬರುತ್ತದೆಯೇ" ಎಂದು ಕೇಳದೆ ಹೋದರೆ, ಮದುವೆಗೆ ಉಡುಗೊರೆ ಬಂದ ದೊಡ್ಡ ಸೂಟ್‌ಕೇಸನ್ನು ಮದುಮಗ ಹೊರಬೇಕಾದೀತು. ಎರಡನೆಯದು ಮಂಚ. ಡಬಲ್ ಬೆಡ್ ಎಂದು ಬರೆದದ್ದು ಅನೇಕ ಕಡೆ ಎರಡು ಒಂಟಿ ಮಂಚ ಜೋಡಿಸಿ ಮೇಲೆ ಒಂದು ಹಾಸು ಎಳೆದದ್ದಾಗಿರುತ್ತದೆ. ನಡುರಾತ್ರಿಗೆ ಮಧ್ಯದ ಸಂದು ಬಾಯಿ ಬಿಡುತ್ತದೆ. ಒಂದೇ ಹಾಸಿಗೆ, ಅಗಲ ಆರು ಅಡಿ ಇದೆಯೇ ಎಂದು ಅಡಿಯ ಲೆಕ್ಕದಲ್ಲೇ ಕೇಳಿ.

ದಿನಾಂಕದ ಮಟ್ಟಿಗೆ ನೀವು ಸರಿಯಾಗಿದ್ದೀರಿ. ಡಿಸೆಂಬರ್ 30ರಿಂದ ಜನವರಿ 1ರವರೆಗೆ ವರ್ಕಲದಲ್ಲೇ ಇರುವ ನಾರಾಯಣ ಗುರುಗಳ ಸಮಾಧಿಗೆ ಶಿವಗಿರಿ ತೀರ್ಥಾಟನೆ, ಅದಕ್ಕೇ ಹೊಸವರ್ಷದ ನೂಕುನುಗ್ಗಲೂ ಸೇರುತ್ತದೆ. ಆ ವಾರ ಕೋಣೆಯ ದರವೂ ರೈಲಿನ ಸೀಟೂ ಕೈಗೆ ಸಿಗುವುದಿಲ್ಲ.

ಪ್ರಶ್ನೆ: "ಸೀ ವ್ಯೂ" ಎಂದು ಹಣ ಕಟ್ಟಿ ಹೋದರೆ ತೆಂಗಿನ ಮಡಲು ಮಾತ್ರ ಕಾಣುತ್ತದೆ ಎಂದು ಹೋಗಿಬಂದವರು ಹೇಳುತ್ತಾರೆ. ಮೊದಲೇ ತಿಳಿದುಕೊಳ್ಳುವ ಉಪಾಯ ಉಂಟೇ? (ಮಂಜೇಶ್ವರ)

ಉಂಟು. ನಾವು ಕಾಸರಗೋಡಿನವರಿಗೆ ಮಲಯಾಳ ಬರುತ್ತದೆ, ಅದನ್ನು ಬಳಸಿಕೊಳ್ಳಿ. ಆ್ಯಪಿನಲ್ಲಿ ಹಣ ಕಟ್ಟುವ ಮೊದಲು ಹೋಟೆಲಿಗೇ ಫೋನ್ ಮಾಡಿ, "ಕಟ್ಟಿಲಿಲ್ ಕಿಡನ್ನಾಲ್ ಕಡಲ್ ಕಾಣಾಮೋ" ಎಂದು ಕೇಳಿ. ಮಂಚದಲ್ಲಿ ಮಲಗಿದರೆ ಕಡಲು ಕಾಣುತ್ತದೆಯೇ ಎಂಬ ಈ ಒಂದು ಪ್ರಶ್ನೆಗೆ ಬರುವ ಉತ್ತರದಲ್ಲೇ ಎಲ್ಲ ತಿಳಿಯುತ್ತದೆ. "ಬಾಲ್ಕನಿಯಲ್ಲಿ ನಿಂತರೆ ಕಾಣುತ್ತದೆ" ಎಂದರೆ ಬಗ್ಗಿ ಎಡಕ್ಕೆ ಕತ್ತು ತಿರುಗಿಸಬೇಕು ಎಂದೇ ತಿಳಿಯಿರಿ. "ಟೆರೇಸಿನಿಂದ ಕಾಣುತ್ತದೆ" ಎಂದರೆ ಕೋಣೆಯಿಂದ ಕಾಣುವುದಿಲ್ಲ.

ಆಮೇಲೆ ವಾಟ್ಸ್ಯಾಪ್ ವಿಡಿಯೊ ಕರೆ ಕೇಳಿ. ಸಂಜೆ ಐದೂವರೆಗೆ, ನಿಮಗೆ ಕೊಡುವ ಅದೇ ಕೋಣೆಯಿಂದ. ಫೋನನ್ನು ದಿಂಬಿನ ಹತ್ತಿರ ಹಿಡಿದು ಪರದೆ ಸರಿಸಲಿ, ಬಾಲ್ಕನಿಗೆ ನಡೆಯಲಿ, ಎಡಬಲ ತೋರಿಸಲಿ. ಜನವರಿಯಲ್ಲಿ ಸೂರ್ಯ ಮುಳುಗುವುದು ನೇರ ಪಶ್ಚಿಮಕ್ಕಲ್ಲ, ಇಪ್ಪತ್ತು ಡಿಗ್ರಿಯಷ್ಟು ತೆಂಕಿಗೆ ಸರಿದು. ವಾಯವ್ಯಕ್ಕೆ ಮುಖ ಮಾಡಿದ ಬಾಲ್ಕನಿಯಿಂದ ಕಡಲು ಕಂಡರೂ ಸೂರ್ಯಾಸ್ತ ಗೋಡೆಯ ಹಿಂದೆ ಆಗಿಬಿಡಬಹುದು. ಕೊನೆಗೆ ಫೋನ್ ತಿರುಗಿಸಿ ಕೋಣೆಯ ಮೂಲೆ, ಕಿಟಿಕಿಯ ಸರಳು, ಎಸಿಯ ಹೊರಗಿನ ಪೆಟ್ಟಿಗೆ ತೋರಿಸಲು ಹೇಳಿ. ಉಪ್ಪುಗಾಳಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಪೆಟ್ಟಿಗೆ ಕೆಂಪಾಗಿ ಉದುರುತ್ತಿದ್ದರೆ ಎಸಿಯ ತಂಪನ್ನು ನಂಬಬೇಡಿ, ಮೂಲೆಯಲ್ಲಿ ಬಣ್ಣ ಗುಳ್ಳೆ ಎದ್ದಿದ್ದರೆ ಒಳಗೆ ಮುಗ್ಗಲು ವಾಸನೆ ಖಂಡಿತ.

ಮಡಲಿನ ವಿಷಯ. ತೆಂಗಿನ ತೋಟದ ಹಿಂದಿರುವ ಕಟ್ಟಡದಲ್ಲಿ ಮೇಲಿನ ಅಂತಸ್ತೇ ಒಳ್ಳೆಯದೆಂದು ಎಲ್ಲರೂ ಎಣಿಸುತ್ತಾರೆ. ಆದರೆ ಮಡಲು ಇರುವ ಎತ್ತರಕ್ಕೇ ಕೋಣೆ ಬಂದರೆ ಪೂರ್ತಿ ಹಸುರು ಪರದೆ; ಕೆಳ ಅಂತಸ್ತಿನಲ್ಲಿ ಬರೀ ಕಾಂಡಗಳಿರುವುದರಿಂದ ಅವುಗಳ ನಡುವೆ ಕಡಲು ಕಾಣುತ್ತದೆ. ಮೇಲಿನ ಅಂತಸ್ತಿಗೆ ಇನ್ನೊಂದು ಶಾಪ: ಪಶ್ಚಿಮದ ಗೋಡೆಗೆ ಮಧ್ಯಾಹ್ನ ಎರಡರಿಂದ ಆರರವರೆಗೆ ಬಿಸಿಲು, ತಲೆಯ ಮೇಲೆ ಕಾದ ತಾರಸಿ. ಸೂರ್ಯಾಸ್ತದ ಕೋಣೆಗೆ ಎಸಿ ಆಡಂಬರವಲ್ಲ. ಕರೆಂಟ್ ಹೋದಾಗ ಜನರೇಟರಿನಲ್ಲಿ ಎಸಿಯೂ ಓಡುತ್ತದೆಯೋ, ಬರೀ ದೀಪ-ಫ್ಯಾನೋ, ಅದನ್ನೂ ವಿಚಾರಿಸಿ.

ಸದ್ದಿನ ಪರೀಕ್ಷೆ ಎಲ್ಲಕ್ಕಿಂತ ಸುಲಭ. ರಾತ್ರಿ ಹತ್ತಕ್ಕೆ ರಿಸೆಪ್ಶನಿಗೆ ಇನ್ನೊಂದು ಕರೆ ಮಾಡಿ, ಏನಾದರೂ ಕೇಳಿ. ಹಿಂದಿನಿಂದ ಡಬಡಬ ಎಂದು ಕೇಳಿಸಿದರೆ ನಿಮ್ಮ ಮಂಚಕ್ಕೂ ಅದೇ ಕೇಳಿಸುತ್ತದೆ.

ದರ ನೋಡುವಾಗ ತೆರಿಗೆಯ ಮೇಲೆ ಕಣ್ಣಿರಲಿ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ ಜಿಎಸ್‌ಟಿ ಶೇ. 5, ಅದನ್ನು ದಾಟಿದರೆ ಶೇ. 18. ಅಂದರೆ 7,400ರ ಕೋಣೆಗೆ ಒಟ್ಟು 7,770 ಆದರೆ, 7,600ರ ಕೋಣೆಗೆ 8,968. ಇನ್ನೂರು ರೂಪಾಯಿಯ ಅಂತರ ಬಿಲ್ ಕೈಗೆ ಬರುವಾಗ ಸುಮಾರು ಸಾವಿರದ ಇನ್ನೂರಾಗುತ್ತದೆ. ಗಡಿಯ ಆಚೆ ಈಚೆ ಇದ್ದರೆ ಚೌಕಾಸಿ ಮಾಡಿ.

ಪ್ರಶ್ನೆ: ಕಾಪ್ಪಿಲ್ ಬೀಚಿನ ಹತ್ತಿರ ಒಳ್ಳೆಯ ಹೋಟೆಲು ಸಿಕ್ಕಿದೆ, ವರ್ಕಲ ಕ್ಲಿಫಿಗೆ ಎಷ್ಟು ದೂರ? (ಉಪ್ಪಳ)

ಯಾವ ಕಾಪ್ಪಿಲ್ ಎಂದು ಮೊದಲು ನೋಡಿ! ವರ್ಕಲದ ಬಡಗಿಗೆ, ಇಡವದ ಆಚೆ ಹಿನ್ನೀರು ಕಡಲಿಗೆ ತಾಗುವಲ್ಲಿ ಒಂದು ಕಾಪ್ಪಿಲ್ ಇದೆ. ಅಲ್ಲಿಂದ ಕ್ಲಿಫಿಗೆ ಅಟೊದಲ್ಲಿ ಹೋಗಿಬರಬಹುದು. ನಮ್ಮದೇ ಉದುಮದಲ್ಲಿ, ಬೇಕಲ ಕೋಟೆಯ ಹತ್ತಿರ ಇನ್ನೊಂದು ಕಾಪ್ಪಿಲ್ ಇದೆ. ಅಲ್ಲೂ ಕಡಲು, ಅಲ್ಲೂ ಹಿನ್ನೀರು, ಅಲ್ಲೂ ದೊಡ್ಡ ಹೋಟೆಲು. ಬುಕ್ ಮಾಡುವ ಪುಟದಲ್ಲಿ ಜಿಲ್ಲೆ ತಿರುವನಂತಪುರ ಎಂದಿರಬೇಕು. ಕಾಸರಗೋಡು ಎಂದಿದ್ದರೆ ನಿಮ್ಮ ಮಧುಚಂದ್ರಕ್ಕೆ ಕೆಎಸ್‌ಆರ್‌ಟಿಸಿ ಬಸ್ಸೇ ಸಾಕು.

ಪ್ರಶ್ನೆ: ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಅರ್ಧ ದರಕ್ಕೆ ಕ್ಲಿಫಿನ ಅಂಚಿನ ಕಾಟೇಜ್ ಕೊಡುತ್ತೇವೆಂದು ಹೇಳುತ್ತಿದ್ದಾರೆ. ಮಳೆಯಲ್ಲಿ ಕಡಲು ನೋಡುವ ಆಸೆ. ಹೋಗಬಹುದೇ? (ಕುಂಬಳೆ)

ಮಳೆಗೆ ಹೋಗಬಹುದು, ಅಂಚಿನ ಕಾಟೇಜಿಗೆ ಬೇಡ.

ಕಾರಣ ನಮಗೆ ಪರಿಚಿತವೇ. ಬಾಯಾರು, ಶೇಣಿ ಕಡೆ ಗುಡ್ಡಕ್ಕೆ ಅಡ್ಡ ಸುರಂಗ ಕೊರೆದು ನೀರು ಹಿಡಿಯುತ್ತಾರಲ್ಲ? ಮೇಲೆ ಬಿದ್ದ ಮಳೆ ಮುರಕಲ್ಲಿನ ತೂತುಗಳಲ್ಲಿ ಇಳಿದು, ಅಡಿಯ ಜೇಡಿಯಂಥ ಪದರ ತಡೆದಾಗ ಪಕ್ಕಕ್ಕೆ ಜಿನುಗುತ್ತದೆ. ವರ್ಕಲದ ದರೆಯೂ ಇದೇ ಲೆಕ್ಕ: ಮೇಲೆ ಮುರಕಲ್ಲಿನ ಟೊಪ್ಪಿ, ಅದರಡಿ ಮೆತ್ತಗಿನ ಮರಳುಗಲ್ಲು, ಜೇಡಿಯ ಪದರಗಳು. ಈ ಪದರಗಳಿಗೆ ಭೂವಿಜ್ಞಾನದಲ್ಲಿ ವರ್ಕಲದ ಹೆಸರೇ ಇದೆ. ದರೆಯನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದೂ ಗುರುತಿಸಿದ್ದಾರೆ. ಪಾಪನಾಶಂ ಕಿನಾರೆಯಲ್ಲಿ ದರೆಯ ಬುಡದಿಂದ ಸಿಹಿನೀರಿನ ಒರತೆ ಬರುವುದು ಹೀಗೆ. ಆದರೆ ಮಳೆಗಾಲದಲ್ಲಿ ಒಳಗಿನಿಂದ ನೀರು ತಳ್ಳುತ್ತದೆ, ಬುಡವನ್ನು ಅಲೆ ಕೊರೆಯುತ್ತದೆ. ಮೆತ್ತಗಿನ ಪದರ ಒಳಕ್ಕೆ ಸವೆದಾಗ ಮೇಲಿನ ಮುರಕಲ್ಲು ಆಧಾರವಿಲ್ಲದೆ ಜರಿಯುತ್ತದೆ. ಆದ್ದರಿಂದ ಮೇಲಿನಿಂದ ನೋಡಿದರೆ ಅಂಚು ಗಟ್ಟಿಯಾಗಿಯೇ ಕಾಣುತ್ತದೆ, ಅಪಾಯ ಇರುವುದು ಅಡಿಯಲ್ಲಿ.

ಗೂಗಲ್ ಮ್ಯಾಪಿನ ಉಪಗ್ರಹ ಚಿತ್ರದಲ್ಲಿ ಕಾಟೇಜಿನ ಮಾಡಿನ ಮೇಲೆ ಬೆರಳೊತ್ತಿ ಹಿಡಿದರೆ ದೂರ ಅಳೆಯುವ ಸೌಲಭ್ಯ ಬರುತ್ತದೆ. ಅಲ್ಲಿಂದ ದರೆಯ ಅಂಚಿಗೆ ಅಳೆಯಿರಿ. ಹತ್ತು-ಹದಿನೈದು ಮೀಟರಿನೊಳಗಿದ್ದರೆ ಜೂನ್‌ನಿಂದ ನವೆಂಬರ್‌ವರೆಗೆ ಎಷ್ಟೇ ಅಗ್ಗವಾದರೂ ಬೇಡ. ಅದೇ ಹೋಟೆಲಿನ ಹಿಂದಿನ ಸಾಲಿನ ಕೋಣೆ ಕೇಳಿ.

ಮಳೆಗಾಲದಲ್ಲಿ ಅನೇಕ ಕಡೆ ಅಲೆ ದರೆಯ ಬುಡಕ್ಕೇ ಬರುವುದರಿಂದ ನಡೆದಾಡುವ ಮರಳು ಉಳಿಯುವುದಿಲ್ಲ, ಕಡಲಿಗೆ ಇಳಿಯುವುದಂತೂ ಬೇಡವೇ ಬೇಡ. ಕೆಂಪು ಬಾವುಟ ಕಂಡರೆ ಯಾವ ತಿಂಗಳಲ್ಲೂ ಇಳಿಯಬೇಡಿ. ಇನ್ನೊಂದು ದಿನ ತಪ್ಪಿಸಬೇಕು: ನಾವು ಹಾಲೆಮರದ ಕಷಾಯ ಕುಡಿಯುವ ಆಟಿ ಅಮಾವಾಸ್ಯೆ. ಅವರಿಗೆ ಅದು ಕರ್ಕಟಕ ವಾವು. ಪಿತೃಗಳಿಗೆ ಬಲಿ ಹಾಕಲು ಪಾಪನಾಶಂಗೆ ಬರುವ ಜನಸಾಗರದ ನಡುವೆ ಏಕಾಂತ ಹುಡುಕುವುದು ಕಷ್ಟ. ನವರಾತ್ರಿ ರಜೆಗೂ ಎಚ್ಚರ. ನಮ್ಮಲ್ಲಿ ಮಳೆ ಬಿಟ್ಟರೂ ತೆಂಕಣ ಕೇರಳದಲ್ಲಿ ಅಕ್ಟೋಬರ್-ನವೆಂಬರಿನ ತುಲಾ ಮಳೆ ಜೋರು, ಅದೂ ಮಧ್ಯಾಹ್ನದ ಮೇಲೆ ಗುಡುಗು ಸಮೇತ, ಸರಿಯಾಗಿ ಸೂರ್ಯಾಸ್ತದ ಹೊತ್ತಿಗೆ.

ಪ್ರಶ್ನೆ: ರಾತ್ರಿ ರೈಲಿನಲ್ಲಿ ಹೋದರೆ ಬೆಳ್ಳಂಬೆಳಗ್ಗೆ ಮುಟ್ಟುತ್ತೇವೆ, ಆದರೆ ಕೋಣೆ ಮಧ್ಯಾಹ್ನ ಎರಡಕ್ಕೆ ಅನ್ನುತ್ತಾರೆ. ಏನು ಮಾಡುವುದು? (ಕಾಸರಗೋಡು)

ಸುಮಾರು 550 ಕಿ.ಮೀ. ದಾರಿ. ನಿದ್ದೆಗೆಟ್ಟು ಮುಟ್ಟಿ ಲಾಬಿಯ ಬೆಂಚಿನಲ್ಲಿ ತೂಕಡಿಸುವುದು ಮಧುಚಂದ್ರದ ಶುಭಾರಂಭವಲ್ಲ. ಬೇಗ ಕೋಣೆ ಕೊಡುವಿರಾ, ಅದಕ್ಕೆಷ್ಟು ಎಂದು ಮೊದಲೇ ಮಾತಾಡಿ, ಒಪ್ಪಿದ್ದನ್ನು ವಾಟ್ಸ್ಯಾಪಿನಲ್ಲಿ ಬರೆಸಿಕೊಳ್ಳಿ. ಇಲ್ಲವೇ ಬೆಳಗ್ಗೆ ಕಾಸರಗೋಡು ದಾಟುವ ವಂದೇ ಭಾರತ್ ಹಿಡಿಯಿರಿ. ಅದು ವರ್ಕಲದಲ್ಲಿ ನಿಲ್ಲುವುದಿಲ್ಲ, ಕೊಲ್ಲಂನಲ್ಲಿ ಇಳಿದು ಉಳಿದ 25 ಕಿ.ಮೀ. ಟ್ಯಾಕ್ಸಿಯಲ್ಲೋ ಬೇರೆ ರೈಲಿನಲ್ಲೋ ಹೋಗಬೇಕು. ಕೋಣೆ ಸಿಗುವ ಹೊತ್ತಿಗೇ ಹೆಚ್ಚುಕಡಿಮೆ ತಲುಪುತ್ತೀರಿ. ಮುಂಗಡ ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ. ನಿಲ್ದಾಣದ ಹೆಸರು ಪಟ್ಟಿಯಲ್ಲಿ ವರ್ಕಲ ಶಿವಗಿರಿ ಎಂದಿರುತ್ತದೆ.

ಪ್ರಶ್ನೆ: ಹೊಸ ಮದುವೆ, ಇಬ್ಬರ ಆಧಾರಿನಲ್ಲೂ ಬೇರೆ ಬೇರೆ ವಿಳಾಸ. ಮದುವೆಯ ಸರ್ಟಿಫಿಕೇಟ್ ಕೇಳುತ್ತಾರೆಯೇ? (ಪೈವಳಿಕೆ)

ಕಾನೂನಿನಲ್ಲಿ ಹಾಗೆ ಕೇಳಬೇಕೆಂದಿಲ್ಲ. ಇಬ್ಬರದ್ದೂ ಭಾವಚಿತ್ರವಿರುವ ಗುರುತುಚೀಟಿ ಸಾಕು. ಕೆಲವರು ತಮ್ಮದೇ ನಿಯಮ ಮಾಡಿಕೊಂಡಿರುತ್ತಾರೆ, ಬುಕ್ ಮಾಡುವಾಗಲೇ ಕೇಳಿ. ಆಧಾರ್ ಕೊಡುವುದಾದರೆ ಕೊನೆಯ ನಾಲ್ಕಂಕಿ ಮಾತ್ರ ಕಾಣುವ ಪ್ರತಿಯನ್ನು ಕೊಡಿ.

ಪ್ರಶ್ನೆ: ಅಪ್ಪ ಅಮ್ಮನ ಮದುವೆಗೆ 25 ವರ್ಷ ತುಂಬುತ್ತದೆ. ಇಬ್ಬರನ್ನೇ ಎರಡು ದಿನ ವರ್ಕಲಕ್ಕೆ ಕಳಿಸೋಣವೆಂದು ನಾವು ಮಕ್ಕಳು ಯೋಚಿಸಿದ್ದೇವೆ. ಅಮ್ಮನಿಗೆ ಮೊಣಕಾಲು ನೋವು. ಇಬ್ಬರೂ ಸಸ್ಯಾಹಾರಿಗಳು. (ಮುಳ್ಳೇರಿಯ)

ನಾರ್ತ್ ಕ್ಲಿಫ್ ಬೇಡ. ಮರಳಿಗೆ ಇಳಿಯುವ ಮೆಟ್ಟಿಲು ಕಡಿದಾದದ್ದು, ಹತ್ತುವಾಗ ಅಪ್ಪನೂ ಏದುಸಿರು ಬಿಟ್ಟಾರು. ದೇವಸ್ಥಾನದಿಂದ ಪಾಪನಾಶಂಗೆ ಇಳಿಯುವ ರಸ್ತೆಯ ಬದಿಯಲ್ಲಿ ಕೋಣೆ ನೋಡಿ, ಅಟೊ ಮರಳಿನ ಹತ್ತಿರಕ್ಕೇ ಹೋಗುತ್ತದೆ. ಕ್ಲಿಫಿನ ಅಡುಗೆಮನೆಗಳಲ್ಲಿ ಮೀನೇ ಮುಖ್ಯ, ಬಾಣಲೆ ಬೇರೆ ಇರುತ್ತದೆಂಬ ಭರವಸೆ ಇಲ್ಲ. ಪೇಟೆಯ ಕಡೆ ಸಸ್ಯಾಹಾರಿ ಹೋಟೆಲು ವಿಚಾರಿಸಿ. ನಿಜ ಹೇಳಬೇಕೆಂದರೆ ಅವರಿಗೆ ಬೇಕಲವೇ ವಾಸಿ: ಮುಳ್ಳೇರಿಯದಿಂದ ಕಾರಿನಲ್ಲಿ ಹೋಗಿ ಮುಟ್ಟುವ ದಾರಿ, ಕಿನಾರೆ ಸಮತಟ್ಟು, ಕೆಳದಿಯ ಶಿವಪ್ಪ ನಾಯಕನ ಕಾಲದ ಕೋಟೆ ಪಕ್ಕದಲ್ಲೇ. ಎಲ್ಲಿಗೆ ಕಳಿಸಿದರೂ ಕೆಳ ಅಂತಸ್ತಿನ ಕೋಣೆ, ಸ್ನಾನದ ಮನೆಯಲ್ಲಿ ಹಿಡಿಕೆ ಕೇಳಿ. ವಾರ್ಷಿಕೋತ್ಸವ ಎಂದ ತಕ್ಷಣ ಹೋಟೆಲಿನವರು ಬಾಗಿಲಿನಿಂದ ಮಂಚದವರೆಗೆ ಗುಲಾಬಿ ಎಸಳು ಉದುರಿಸುತ್ತಾರೆ. ನುಣುಪಾದ ಟೈಲ್ಸಿನ ಮೇಲೆ ಹಸಿ ಎಸಳು ಎಣ್ಣೆಯಂತೆ ಜಾರುತ್ತದೆ. ಹೂವು ಮಂಚದ ಮೇಲೆ ಮಾತ್ರ ಸಾಕೆಂದು ಮೊದಲೇ ಹೇಳಿಡಿ.